ಬೆಲ್ಟ್ ಹೊಸದು, ಸದ್ದೂ ಹೊಸದು

ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕೆಳಗಿನ ಕ್ರ್ಯಾಂಕ್ ದಂಡಕ್ಕೂ ಮೇಲೆ ವಾಲ್ವ್ ತೆರೆಯುವ ಕ್ಯಾಮ್ ದಂಡಕ್ಕೂ ತಾಳ ಕೂಡಿಸುವ ಹಲ್ಲಿನ ರಬ್ಬರ್ ಪಟ್ಟಿ) ಬದಲಿಸಿದ ಮೇಲೆ ಎಂಜಿನ್ ಸದ್ದು ಮಾಡತೊಡಗಿದರೆ ಗಿರಾಕಿ ಮೊದಲು ಬೈಯುವುದು ಬೆಲ್ಟನ್ನು, ಆಮೇಲೆ ಮೇಸ್ತ್ರಿಯನ್ನು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಎರಡೂ ಬೈಗುಳ ಪರಿಚಯ. ಹಾಗಂತ ಸದ್ದು ಕೇಳಿದ ಕೂಡಲೇ ಕವರ್ ಬಿಚ್ಚಲು ಕೈ ಹಾಕುವುದಿಲ್ಲ. ಈ ಕೆಲಸಕ್ಕಾಗಿ ಎಂಜಿನ್ನಿನ ಆ ಬದಿಯಲ್ಲಿ ಏನೇನು ಕಳಚಿರುತ್ತಾರೋ ಅಷ್ಟರ ಮೇಲೂ ನನಗೆ ಅನುಮಾನವಿರುತ್ತದೆ: ಫ್ಯಾನ್ ಬೆಲ್ಟ್, ಎಂಜಿನ್ನನ್ನು ಹಿಡಿದಿಡುವ ಮೌಂಟ್, ವಾಟರ್ ಪಂಪ್, ಪ್ಲಾಸ್ಟಿಕ್ ಕವರ್.

ಗದಗಿನ ನಿವೃತ್ತ ಮಾಸ್ತರರೊಬ್ಬರು ತಮ್ಮ ಹಳೆಯ ಲೋಗನ್ ಡೀಸೆಲ್ ಕಾರು ತಂದರು. ಬೆಲ್ಟನ್ನು ಬೇರೆ ಕಡೆ ಹಾಕಿಸಿದ್ದರು. "ತಮ್ಮಾ, ಬಾನೆಟ್ಟಿನೊಳಗೆ ಯಾರೋ ಸೀಟಿ ಊದುತ್ತಿದ್ದಾರೆ ನೋಡು" ಎಂದರು. ಬೆಳಗ್ಗೆ ಸಣ್ಣಗಿರುತ್ತದೆಯೋ ಜೋರಾಗಿರುತ್ತದೆಯೋ ಎಂದು ಕೇಳಿದೆ. ಗದಗ ಬಿಡುವಾಗ ಅಷ್ಟೇನಿಲ್ಲ, ಅಣ್ಣಿಗೇರಿ ದಾಟುವ ಹೊತ್ತಿಗೆ ರೇಡಿಯೊ ಕೇಳಿಸುವುದಿಲ್ಲ ಎಂಬ ಉತ್ತರ ಬಂತು. ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಎಂಜಿನ್ ಬಿಸಿಯಾದಂತೆ ಬ್ಲಾಕ್ ಮತ್ತು ಅಲ್ಯೂಮಿನಿಯಂ ಹೆಡ್ ಹಿಗ್ಗುತ್ತವೆ. ಮೇಲಿನ ಪುಲ್ಲಿಗೂ ಕೆಳಗಿನ ಪುಲ್ಲಿಗೂ ಅಂತರ ಹೆಚ್ಚಿ ಬೆಲ್ಟ್ ಇನ್ನಷ್ಟು ಬಿಗಿಯುತ್ತದೆ. ಮೊದಲೇ ಅತಿ ಬಿಗಿ ಮಾಡಿಟ್ಟ ಬೆಲ್ಟ್ ಬಿಸಿಯಲ್ಲಿ ಕೂಗಲೇಬೇಕು. ಸಡಿಲ ಬೆಲ್ಟಿನ ಸ್ವಭಾವ ಬೇರೆ, ಅದು ತಣ್ಣಗಿರುವಾಗ ಕವರಿಗೆ ಪಟಪಟ ಬಡಿಯುತ್ತದೆ. ಹಲ್ಲು ತಪ್ಪಿ ಕೂತ ಬೆಲ್ಟ್ ಸೀಟಿ ಹೊಡೆಯುವುದಿಲ್ಲ. ಎಂಜಿನ್ ಸ್ಟಾರ್ಟ್ ಆಗಲು ತಿಣುಕುತ್ತದೆ, ಎಳೆತ ಕಡಿಮೆಯಾಗುತ್ತದೆ. ಹಲ್ಲು ಇನ್ನೂ ಹೆಚ್ಚು ತಪ್ಪಿ ಈ ಎಂಜಿನ್ನಿನಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯಿತೆಂದರೆ ಪೆಟ್ಟು ಕಿವಿಗಿಂತ ಕಿಸೆಗೆ.

ಆದರೂ ಊಹೆಯ ಮೇಲೆ ಪಾನಾ ಹಿಡಿಯಬಾರದು. ಮೊದಲು ಎಂಜಿನ್ ನಡೆಯುತ್ತಿರುವಾಗ ಫ್ಯಾನ್ ಬೆಲ್ಟಿನ ಮೇಲೆ ಬಾಟಲಿಯಿಂದ ಒಂದಿಷ್ಟು ನೀರು ಚಿಮುಕಿಸಿದೆ. ಚಿರ್ ಚಿರ್ ಸದ್ದು ಕ್ಷಣಕಾಲ ನಿಂತರೆ ಪುಲ್ಲಿಗಳ ಸಾಲು ತಪ್ಪಿದೆ ಎಂದರ್ಥ, ಕಿರುಚಾಟ ಜೋರಾದರೆ ಆ ಬೆಲ್ಟ್ ಸಡಿಲ. ಇಲ್ಲಿ ಎರಡೂ ಆಗಲಿಲ್ಲ. ಬಳಿಕ ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನೇ ತೆಗೆದು ಮತ್ತೆ ಸ್ಟಾರ್ಟ್ ಮಾಡಿದೆ. ಲೋಗನ್ನಿನ 1.5 ಲೀಟರ್ ಕೆ9ಕೆ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ ಆದ್ದರಿಂದ ಸ್ವಲ್ಪ ಹೊತ್ತು ಹೀಗೆ ಓಡಿಸಿದರೆ ಚಿಂತೆಯಿಲ್ಲ. ಮಾರುತಿ 800ರಲ್ಲಿ ಪಂಪು ಫ್ಯಾನ್ ಬೆಲ್ಟಿಗೇ ಇರುವುದರಿಂದ ಅಲ್ಲಿ ಕೇಳಿದ ತಕ್ಷಣ ನಿಲ್ಲಿಸಬೇಕು. ಮಾಸ್ತರರ ಕಾರಿನಲ್ಲಿ ಸೀಟಿ ಹಾಗೆಯೇ ಉಳಿಯಿತು. ಎಂದರೆ ಫ್ಯಾನ್ ಬೆಲ್ಟ್ ತಿರುಗಿಸುವ ಆಲ್ಟರ್ನೇಟರ್, ಎಸಿ, ಸ್ಟೀರಿಂಗ್ ಪಂಪ್ ಎಲ್ಲವೂ ನಿರ್ದೋಷಿಗಳು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ವಾಟರ್ ಪಂಪಿನ ಹತ್ತಿರದ ಬ್ಲಾಕಿಗೆ ತಾಗಿಸಿದೆ. ಬೇರಿಂಗ್ ಹೋಗಿದ್ದರೆ ಗರಗರ ಕೇಳಬೇಕಿತ್ತು. ಕೇಳಿದ್ದು ನುಣುಪಾದ ಊಳು ಮಾತ್ರ, ಆಕ್ಸಿಲರೇಟರ್ ಜೊತೆಗೇ ಏರಿ ಇಳಿಯುವಂಥದ್ದು.

ಬಿಸಿ ಎಂಜಿನ್ನಿನಲ್ಲಿ ಬೆಲ್ಟಿನ ಬಿಗಿ ನೋಡುವುದು ವ್ಯರ್ಥ, ಆದ್ದರಿಂದ ಕಾರು ರಾತ್ರಿ ನಮ್ಮಲ್ಲೇ ಉಳಿಯಿತು. ಬೆಳಗ್ಗೆ ಎಂಜಿನ್ನಿಗೆ ಕೆಳಗಿನಿಂದ ಜಾಕ್ ಆಧಾರ ಕೊಟ್ಟು, ಬಲಬದಿಯ ಮೌಂಟ್ ಕಳಚಿ, ಮೇಲಿನ ಕವರ್ ತೆಗೆದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಮೇಲೊಂದು ಸಣ್ಣ ಮುಳ್ಳಿರುತ್ತದೆ, ಅದು ಎದುರಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಇಲ್ಲಿ ಗುರುತನ್ನು ದಾಟಿ ಆಚೆ ಹೋಗಿತ್ತು. ಏನಾಗಿದೆ ಎಂಬುದು ಅರ್ಥವಾಯಿತು. ಹಳೆಯ ಮೇಸ್ತ್ರಿಗಳು ಬೆಲ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಕಾಲು ಸುತ್ತು ತಿರುಚಿ ನೋಡುತ್ತಾರೆ. ಮುಳ್ಳಿಲ್ಲದ ಹಳೆಯ ಟೆನ್ಷನರುಗಳಿಗೆ ಆ ಲೆಕ್ಕ ಚೆನ್ನಾಗಿತ್ತು, ನಾನೂ ಕಲಿತದ್ದು ಅದನ್ನೇ. ಮುಳ್ಳಿರುವಲ್ಲಿ ಬೆರಳನ್ನು ನಂಬುವುದು ಮಾತ್ರ ಹಟ. ಬೆರಳಿಗೆ ಮೆತ್ತಗೆನಿಸಿತೆಂದು ಇನ್ನಷ್ಟು ಎಳೆದಿದ್ದಾರೆ.

ಬಿಗಿಯಲ್ಲಿ ಓಡಿದ ಟೆನ್ಷನರನ್ನು ಮತ್ತೆ ಹಾಕುವ ಧೈರ್ಯ ನನಗಿಲ್ಲ. ಕ್ರ್ಯಾಂಕಿಗೂ ಕ್ಯಾಮಿಗೂ ಅಲುಗದಂತೆ ಲಾಕಿಂಗ್ ಪಿನ್ ಹಾಕಿ ಹೊಸ ಟೆನ್ಷನರ್ ಕೂರಿಸಿದೆ. ಪಿನ್ ತೆಗೆದು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿದೆ. ಆಗ ಕ್ಯಾಮ್ ಒಂದು ಸುತ್ತು ಬರುತ್ತದೆ, ಬೆಲ್ಟು ಹಲ್ಲುಗಳಲ್ಲಿ ತನ್ನ ಜಾಗ ಹಿಡಿಯುತ್ತದೆ. ಪಿನ್‌ಗಳು ಮತ್ತೆ ಸಲೀಸಾಗಿ ಒಳಗೆ ಹೋದವು, ಮುಳ್ಳು ಗುರುತಿನಲ್ಲಿತ್ತು. ವಾಟರ್ ಪಂಪಿನಲ್ಲಿ ಅಲುಗಾಟವಾಗಲಿ ನೀರಿನ ಜಿನುಗಾಗಲಿ ಇರಲಿಲ್ಲ, ಅದನ್ನು ಮುಟ್ಟಲಿಲ್ಲ.

ಕವರ್, ಮೌಂಟ್ ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿದಾಗ ಸೀಟಿ ಹೋಗಿತ್ತು. ಆದರೆ ಅಷ್ಟು ದಿನ ಅದರಡಿ ಅಡಗಿದ್ದ ಇನ್ನೊಂದು ಸದ್ದು ಹೊರಬಂತು, ಒಣ ಜೋಳದ ಗರಿ ಉಜ್ಜಿದಂತೆ ಸರಸರ. ಕವರ್ ಮತ್ತೆ ಬಿಚ್ಚಿ, ಟಾರ್ಚ್ ಹಿಡಿದು ಅದರ ಒಳಭಾಗ ನೋಡಿದೆ. ಅಂಚಿನ ಒಂದು ಕಡೆ ಪ್ಲಾಸ್ಟಿಕ್ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರ ಕೆಳಗೆ ರಬ್ಬರಿನ ಕಪ್ಪು ಪುಡಿ ಅಂಟಿತ್ತು. ಕವರಿನ ಒಂದು ಕ್ಲಿಪ್ ಮುರಿದು, ಅಂಚು ಒಳಕ್ಕೆ ಬಾಗಿ ಬೆಲ್ಟಿಗೆ ತಾಗುತ್ತಿತ್ತು. ಬೆಲ್ಟಿನ ಅಂಚಿಗೆ ಉಗುರು ಎಳೆದು ನೋಡಿದೆ. ನೂಲು ಎದ್ದಿರಲಿಲ್ಲ, ಬಿರುಕೂ ಇರಲಿಲ್ಲ. ನೂಲು ಎದ್ದಿದ್ದರೆ ಎಷ್ಟೇ ಹೊಸದಾಗಿದ್ದರೂ ಬೆಲ್ಟನ್ನು ಎಸೆಯುತ್ತಿದ್ದೆ. ಕವರ್ ಬದಲಿಸಿ ಮುಚ್ಚಿದೆ.

ಹಿಂದಿನ ಮೇಸ್ತ್ರಿಯೊಂದಿಗೆ ಜಗಳಕ್ಕೆ ಹೋಗಲೇ ಎಂದು ಮಾಸ್ತರರು ಕೇಳಿದರು. "ಸರ್, ಬಿಚ್ಚಿದ ಹಳೆಯ ಟೆನ್ಷನರ್ ಕೊಟ್ಟಿದ್ದೇನೆ, ತೋರಿಸಿ ಬನ್ನಿರಿ, ಜಗಳ ಬೇಡ" ಎಂದೆ. ಬೆಲ್ಟ್ ಹಾಕಿದ ತಾರೀಕನ್ನೂ ಮೀಟರಿನ ಕಿಲೋಮೀಟರನ್ನೂ ಅವರ ಹಳೆಯ ಬಿಲ್ಲಿನಿಂದ ನೋಡಿ, ಹೊಸ ಕವರಿನ ಮೇಲೆ ಬಿಳಿ ಮಾರ್ಕರಿನಲ್ಲಿ ಬರೆದು ಕಳಿಸಿದೆ.