ಎರಡನೆಯ ಪಂಕ್ತಿಗೂ ಉಳಿಯುವ ಅಂದ: ಕಲಾತ್ಮಕ ಕೇಟರಿಂಗ್ ವೃತ್ತಿಗೆ ಇಳಿಯುವವರಿಗೆ

ಮದುವೆ, ಗೃಹಪ್ರವೇಶಗಳ ಊಟದ ಗುತ್ತಿಗೆಯ ಜೊತೆಗೆ ಚಿತ್ರಕಲಾ ಪ್ರದರ್ಶನದ ಉದ್ಘಾಟನೆ, ಕಂಪನಿಗಳ ಸಂತೋಷಕೂಟ ಮುಂತಾದ ಸಮಾರಂಭಗಳಿಗೆ ಊಟವನ್ನೂ ಅದರ ನೋಟವನ್ನೂ ಒಟ್ಟಿಗೆ ರೂಪಿಸಿಕೊಡುವವರಿಗೆ ಬೆಂಗಳೂರಿನಲ್ಲಿ ಕೆಲಸವಿದೆ. ಯಾವ ಖಾದ್ಯವನ್ನು ಯಾವ ಪಾತ್ರೆಯಲ್ಲಿ, ಯಾವ ಬೆಳಕಿನಲ್ಲಿ ಇಡಬೇಕು, ಅದು ಎಷ್ಟು ಹೊತ್ತು ಕೆಡದೆ ನಿಲ್ಲಬೇಕು ಎಂಬ ತೀರ್ಮಾನದಿಂದಲೇ ಇಲ್ಲಿ ವಿನ್ಯಾಸ ಆರಂಭವಾಗುತ್ತದೆ. ಫೋಟೋ ತೆಗೆಯುವಾಗ ಚೆನ್ನಾಗಿ ಕಂಡು, ಎರಡನೆಯ ಪಂಕ್ತಿಯ ಹೊತ್ತಿಗೆ ಬಾಡಿ ನೀರೊಡೆಯುವ ಮೇಜಿಗೆ ವಿನ್ಯಾಸಶುಲ್ಕ ಕೇಳುವುದು ನ್ಯಾಯವಲ್ಲ.

ಅಡುಗೆಯನ್ನು ಮೊದಲು ಕಲಿಯಿರಿ. ಅನುಭವಿ ಅಡುಗೆ ಭಟ್ಟರ ತಂಡದಲ್ಲಿ ಒಂದು ಮದುವೆ ಸೀಸನ್ ಪೂರ್ತಿ ಇದ್ದು, ತರಕಾರಿ ಹೆಚ್ಚುವುದರಿಂದ ಹಿಡಿದು ಬಡಿಸುವವರೆಗಿನ ಎಲ್ಲ ಕೆಲಸವನ್ನೂ ಮಾಡಿದವರಿಗೆ ಪ್ರಮಾಣದ ಅಂದಾಜು ಸಿಗುತ್ತದೆ. ಕಣ್ಣನ್ನು ಪಳಗಿಸಲು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಅದು ನಡೆಸುವ ಚಿತ್ರಸಂತೆ, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇವೆ.

ಆದರೆ ವಿನ್ಯಾಸದ ಮೊದಲ ಪಾಠ ಬಾಳೆ ಎಲೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಎಲೆಯ ತುದಿ ಊಟ ಮಾಡುವವರ ಎಡಕ್ಕಿರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಮೇಲಿನ ಅರ್ಧದಲ್ಲಿ ತಮ್ಮ ತಮ್ಮ ಜಾಗ ಹಿಡಿದರೆ, ಅನ್ನಕ್ಕೆ ಕೆಳಗಿನ ಅರ್ಧ ತೆರವಾಗಿ ಉಳಿಯುತ್ತದೆ. ಎಷ್ಟು ಜಾಗ ಖಾಲಿ ಬಿಡಬೇಕು, ಒಣ ಪದಾರ್ಥದ ಪಕ್ಕಕ್ಕೆ ರಸವಿರುವುದು ಹರಿಯದಂತೆ ಎಲ್ಲಿ ಬಡಿಸಬೇಕು ಎಂಬುದನ್ನು ಹೊಸ ಪಿಂಗಾಣಿ ತಟ್ಟೆಗೆ ಕೈ ಹಾಕುವ ಮೊದಲು ಈ ಎಲೆಯನ್ನು ಕಾಗದದ ಮೇಲೆ ಬರೆದು ನೋಡಿಯೇ ತಿಳಿದುಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅರಿಸಿನಕ್ಕೆ ಸುಣ್ಣ ಬಿದ್ದರೆ ಓಕುಳಿಯ ಕೆಂಪು ಬರುವಂತೆ, ಅಡುಗೆ ಸೋಡಾ ಹೆಚ್ಚಾದರೂ ಹಳದಿ ಕೆಂಪಿಗೆ ತಿರುಗುತ್ತದೆ. ಶಂಖಪುಷ್ಪದ ನೀಲಿಗೆ ನಿಂಬೆರಸ ಸೇರಿದರೆ ನೇರಳೆಯಾಗುವುದರಿಂದ, ಪಾನಕವನ್ನು ಅತಿಥಿಗಳ ಎದುರಿಗೇ ಬೆರೆಸಿ ಕೊಡುವ ಅವಕಾಶವಿದೆ. ಬೀಟ್‌ರೂಟ್ ಪಕ್ಕದ ಪದಾರ್ಥಕ್ಕೆಲ್ಲ ಬಣ್ಣ ಹಚ್ಚುತ್ತದೆ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ, ಆದ್ದರಿಂದ ಉಪ್ಪನ್ನು ಬಡಿಸುವ ಹೊತ್ತಿಗೇ ಸೇರಿಸಬೇಕು. ಸಭಾಂಗಣದ ಬಣ್ಣದ ದೀಪಗಳ ಕೆಳಗೆ ಹಸಿರು ಪಲ್ಯ ಮಂಕಾಗಿ ಕಾಣಬಹುದಾದುದರಿಂದ, ಒಂದು ತಟ್ಟೆಯನ್ನು ಅಲ್ಲಿಗೇ ಒಯ್ದು ಪರೀಕ್ಷಿಸಿರಿ. ಕೆ.ಆರ್. ಮಾರುಕಟ್ಟೆಯ ಹೂವು ಮೇಜಿನ ಅಲಂಕಾರಕ್ಕೆ ಆಗುತ್ತದೆಯೇ ಹೊರತು ತಟ್ಟೆಗೆ ಅಲ್ಲ: ಅವುಗಳಿಗೆ ಕೀಟನಾಶಕ ಹೊಡೆದಿರುವ ಸಾಧ್ಯತೆಯಿದೆ, ಅಲ್ಲದೆ ಪೂಜೆಗೆಂದು ಮಾರುವ ಕಣಗಿಲೆ ವಿಷಕಾರಿ. ತಿನ್ನುವ ಹೂವನ್ನು ಅದಕ್ಕೆಂದೇ ಬೆಳೆಯುವವರಿಂದ ತರಿಸಬೇಕು.

ಗ್ಯಾಲರಿಯಲ್ಲಿ ಬಡಿಸುವಾಗ ಒಂದೇ ತುತ್ತಿಗೆ ಮುಗಿಯುವ, ಕೈಗೆ ಎಣ್ಣೆ ಹತ್ತದ ತಿನಿಸುಗಳೇ ಸೂಕ್ತ. ಅರಿಸಿನದ ಸಾರು, ಚಟ್ನಿಗಳನ್ನು ಕ್ಯಾನ್ವಾಸ್‌ಗಳಿಂದ ದೂರವಿಡಿ. ಒಲೆ ಹಚ್ಚಲು ಅನುಮತಿ ಇದೆಯೇ ಎಂದು ಮೆನು ಬರೆಯುವ ಮೊದಲೇ ವಿಚಾರಿಸಿರಿ. ಎಲ್ಲಿ ಬಡಿಸಿದರೂ ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಹೀಗಿಡಲು ಆಗದ ಪ್ರದರ್ಶನದ ಜೋಡಣೆಯನ್ನು, ಎಷ್ಟೇ ಸೊಗಸಾಗಿದ್ದರೂ, ಬಿಟ್ಟುಬಿಡುವುದೇ ಸರಿ.

ದರ ಹೇಳುವಾಗ ಎಲೆಯ ಲೆಕ್ಕದ ಊಟದ ದರವನ್ನೂ ವಿನ್ಯಾಸದ ಶುಲ್ಕವನ್ನೂ ಬೇರೆ ಬೇರೆಯಾಗಿ ಬರೆದುಕೊಡಿ. ಎರಡನ್ನೂ ಒಂದಾಗಿಸಿದರೆ ಗ್ರಾಹಕರು ಚೌಕಾಸಿ ಮಾಡುವಾಗ ಮೊದಲು ಕರಗುವುದು ನಿಮ್ಮ ಕಲ್ಪನೆಯ ಬೆಲೆ. ರುಚಿ ನೋಡಲು ಮಾಡುವ ಮಾದರಿ ಊಟದ ಖರ್ಚು, ಒಡೆದ ಪಾತ್ರೆಗಳ ಹೊಣೆ, ಹೆಚ್ಚುವರಿ ಅತಿಥಿಗಳ ದರ ಕೂಡ ಒಪ್ಪಂದದಲ್ಲಿರಲಿ. ಮೊದಲ ಕೆಲಸ ಒಪ್ಪಿಕೊಳ್ಳುವ ಮುನ್ನವೇ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಯನ್ನು ವಹಿವಾಟಿಗೆ ತಕ್ಕಂತೆ ಪಡೆದು, ಅದರ 14 ಅಂಕಿಗಳ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿರಿ.