ಮಾರ್ಚ್ ಮ್ಯಾಡ್‌ನೆಸ್ ಬ್ರಾಕೆಟ್: ಪಂಡಿತರ ಮಾತು ಎಷ್ಟು ನಂಬಬೇಕು?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಬ್ರಾಕೆಟ್ (ಯಾರು ಯಾರ ಜೊತೆ ಆಡುತ್ತಾರೆ ಅನ್ನೋ ಪಟ್ಟಿ, ಅಭಿಮಾನಿಗಳು ಗೆಲ್ಲುವವರನ್ನು ಊಹಿಸಿ ತುಂಬುತ್ತಾರೆ) ಪ್ರಕಟವಾದ ಕೂಡಲೇ ಟಿವಿ ಪಂಡಿತರು ಶುರು ಹಚ್ಚಿಕೊಳ್ಳುತ್ತಾರೆ. ಕೇಳಿ, ಆದರೆ ಪೂರ್ತಿ ನಂಬಬೇಡಿ. 2018ರಲ್ಲಿ 16ನೇ ಸೀಡ್ (ಸೀಡ್ ಅಂದರೆ ನಾಲ್ಕು ವಿಭಾಗಗಳಲ್ಲೂ ತಂಡಗಳಿಗೆ 1ರಿಂದ 16ರವರೆಗೆ ಕೊಡುವ ಶ್ರೇಯಾಂಕ) ಯುಎಂಬಿಸಿ ತಂಡ ನಂಬರ್ 1 ವರ್ಜೀನಿಯಾವನ್ನು 74-54ರಿಂದ ಸೋಲಿಸಿತು. 2023ರ ಸೆಮಿಫೈನಲ್ ಹಂತವಾದ ಫೈನಲ್ ಫೋರ್‌ನಲ್ಲಿ ಒಂದೂ ನಂಬರ್ 1 ಇರಲಿಲ್ಲ, 2025ರಲ್ಲಿ ನಾಲ್ಕೂ ನಂಬರ್ 1 ತಂಡಗಳೇ!

ಮೊದಲು ಸೀಡ್ ನೋಡಿಕೊಂಡು ತುಂಬಿ. ಆಮೇಲೆ ಕೆನ್‌ಪಾಮ್ ತರಹದ, ಅಂಕಿಅಂಶಗಳಿಂದ ತಂಡಗಳ ಬಲ ಅಳೆಯುವ ರೇಟಿಂಗ್ ತೆರೆದು, ಸೀಡ್‌ಗಿಂತ ಚೆನ್ನಾಗಿ ಆಡುತ್ತಿರುವ ತಂಡ ಯಾವುದಾದರೂ ಇದೆಯಾ ಅಂತ ಹುಡುಕಿ. ಪಂಡಿತರು 'ಇಲ್ಲಿ ಅಚ್ಚರಿ ಗ್ಯಾರಂಟಿ' ಅಂದರೆ ಕಾರಣ ಏನು ಕೊಟ್ಟರು ಅಂತ ಗಮನಿಸಿ. ಬರೀ 'ಹುಮ್ಮಸ್ಸಿದೆ' ಅಂದರೆ ಬಿಟ್ಟುಬಿಡಿ. 12ನೇ ಸೀಡ್ 5ನೆಯದನ್ನು ಸೋಲಿಸುವುದು ಆಗಾಗ ನಡೆಯುತ್ತದೆ ನಿಜ, ಆದರೆ ಯಾವ 12 ಅನ್ನೋದೇ ಕಷ್ಟ ಅಲ್ವಾ?

ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಚಾಂಪಿಯನ್ ಆಯ್ಕೆಗೆ. ಬ್ರಾಕೆಟ್ ತುಂಬಿದವರು ಅಂಕಕ್ಕಾಗಿ ಸ್ಪರ್ಧಿಸುವ, ಪ್ರತಿ ಸುತ್ತಿಗೂ ಅಂಕ ಎರಡರಷ್ಟಾಗುವ ಪೂಲ್‌ನಲ್ಲಿ ಫೈನಲ್ ಒಂದಕ್ಕೇ ಮೊದಲ ಸುತ್ತಿನ 32 ಪಂದ್ಯಗಳಷ್ಟು ಅಂಕ. ಆಫೀಸಿನ ಸಣ್ಣ ಪೂಲ್ ಆದರೆ ಫೇವರಿಟ್ ತಂಡವನ್ನೇ ಹಾಕಿ. ಸಾವಿರಾರು ಜನರಿದ್ದರೆ, ಪಂಡಿತರೆಲ್ಲ ಹೊಗಳಿದ ತಂಡವನ್ನು ಉಳಿದವರೂ ಹಾಕಿರುತ್ತಾರೆ, ಹಾಗಾಗಿ ಬಲವಿದ್ದೂ ಸದ್ದಿಲ್ಲದ ಇನ್ನೊಂದನ್ನು ಆರಿಸಿ. ಗುರುವಾರ ಮೊದಲ ಪಂದ್ಯಕ್ಕೆ ಮುಂಚೆ ಗಾಯಾಳುಗಳ ಸುದ್ದಿ ಒಮ್ಮೆ ನೋಡಿ, ಸಬ್ಮಿಟ್ ಮಾಡಿ.