ಕಾಕ್‌ಪಿಟ್‌ನಲ್ಲಿ ಕರೆಂಟ್ ಹೋದರೆ: ಸ್ಟ್ಯಾಂಡ್‌ಬೈ ನೋಡಿ ಹಾರಿಸುವುದನ್ನು ಕಲಿಸುವ ಬಗೆ

ದಾವಣಗೆರೆಯಲ್ಲಿ ರಾತ್ರಿ ಕರೆಂಟ್ ಹೋದರೆ ಕೈ ತಾನಾಗೇ ಟಾರ್ಚ್ ಇಟ್ಟ ಜಾಗಕ್ಕೆ ಹೋಗುತ್ತದೆ, ಅಲ್ವಾ? ಪೈಲಟ್ ಕಣ್ಣಿಗೂ ಅಂಥದ್ದೇ ರೂಢಿ ಬೇಕು. ಎದುರಿನ ದೊಡ್ಡ ಸ್ಕ್ರೀನ್‌ಗಳು ಕಪ್ಪಾದ ಕೂಡಲೇ ನೋಟ ಪ್ಯಾನೆಲ್ ನಡುವಿನ ಅಂಗೈಯಗಲದ ಸ್ಟ್ಯಾಂಡ್‌ಬೈ, ಅಂದರೆ ವಾಲು, ಸ್ಪೀಡ್, ಎತ್ತರ ತೋರಿಸುವ ಬದಲಿ ಉಪಕರಣದ ಮೇಲೆ ನಿಲ್ಲಬೇಕು. ಹೊಸದಾಗಿ ಪಾಠ ಹೇಳಲು ಶುರು ಮಾಡಿರುವವರಿಗೆ ನಾನು ಮಾಡುವ ಕ್ರಮ ಹೇಳುತ್ತೇನೆ. ನೆಲದ ಮೇಲೇ ಹಾರಾಟ ಕಲಿಸುವ ನಕಲಿ ಕಾಕ್‌ಪಿಟ್, ಅಂದರೆ ಸಿಮ್ಯುಲೇಟರ್, ಇರುವುದು ಬೆಂಗಳೂರಲ್ಲಿ. ಆದರೆ ನಮ್ಮ ಕಡೆಯ ಹುಡುಗರಿಗೆ ಮೊದಲ ಪಾಠ ವಿದ್ಯಾನಗರದ ನಮ್ಮ ಮನೆಯಲ್ಲೇ.

ಮೊದಲು, ಏನು ಹೋಗುತ್ತದೆ, ಏನು ಉಳಿಯುತ್ತದೆ ಅಂತ ಪುಸ್ತಕ ನೋಡದೆ ಹೇಳಿಸಿ. ಜನರೇಟರ್ ನಿಂತರೆ ವಿಮಾನದಲ್ಲೂ ಲೋಡ್ ಶೆಡ್ಡಿಂಗ್ ಆಗುತ್ತದೆ, ಊಟ ಬಿಸಿ ಮಾಡುವ ಓವನ್‌ನಂಥವು ಮೊದಲು ಬಂದ್. ಜನರೇಟರ್ ಎಲ್ಲ ಹೋದರೆ ಎ320 ವಿಮಾನದಲ್ಲಿ ಹೊಟ್ಟೆಯ ಕೆಳಗಿಂದ ರ‍್ಯಾಟ್ ಅನ್ನುವ ಪುಟ್ಟ ಫ್ಯಾನ್ ಹೊರಬಂದು ಗಾಳಿಗೆ ತಿರುಗಿ ತುರ್ತು ಕರೆಂಟ್ ಕೊಡುತ್ತದೆ. ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ತೋರಿಸಿ ಇದನ್ನು ಹೇಳಿ, ಯಾರೂ ಮರೆಯುವುದಿಲ್ಲ. ಅದೂ ಇಲ್ಲದಿದ್ದರೆ ಬ್ಯಾಟರಿ. ಪ್ಯಾಸೆಂಜರ್ ಜೆಟ್‌ನಲ್ಲಿ ಜನರೇಟರ್ ಎಲ್ಲ ಹೋದ ಮೇಲೂ ಸ್ಟ್ಯಾಂಡ್‌ಬೈ ಹಾರಿಜಾನ್ (ರೆಕ್ಕೆ ಎಷ್ಟು ವಾಲಿದೆ, ಮೂಗು ಎಷ್ಟು ಎತ್ತಿದೆ ಅಂತ ತೋರಿಸುವ ಉಪಕರಣ) ಕನಿಷ್ಠ 30 ನಿಮಿಷ ಓಡಬೇಕು ಅಂತ ನಿಯಮವಿದೆ.

ಆಮೇಲೆ ತಿರುಗುವ ಕುರ್ಚಿ. ಇದನ್ನು ಬಿಡಲೇಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ವೇಗದಲ್ಲಿ ಅರ್ಧ ನಿಮಿಷ ಬಲಕ್ಕೆ ತಿರುಗಿಸಿ ತಟ್ಟನೆ ನಿಲ್ಲಿಸಿ. ಈಗ ಯಾವ ಕಡೆ ತಿರುಗ್ತಾ ಇದ್ದೀಯಾ ಅಂತ ಕೇಳಿ. "ಎಡಕ್ಕೆ ಸರ್" ಅಂತಾರೆ. ಬಟ್ಟೆ ಬಿಚ್ಚಿದರೆ ಕುರ್ಚಿ ನಿಂತಿದೆ. ಕಿವಿಯೊಳಗಿನ ದ್ರವ ಮಾಡುವ ಈ ಮೋಸವೇ ಮೋಡದಲ್ಲಿ, ಕತ್ತಲಲ್ಲಿ ಜೀವ ತೆಗೆಯುತ್ತದೆ. 1978ರ ಜನವರಿ 1ರ ರಾತ್ರಿ ಬಾಂಬೆಯಿಂದ ದುಬೈಗೆ ಹೊರಟ ಏರ್ ಇಂಡಿಯಾ 747ರಲ್ಲಿ ಕರೆಂಟ್ ಚೆನ್ನಾಗೇ ಇತ್ತು. ಕ್ಯಾಪ್ಟನ್ ಮುಂದಿನ ಹಾರಿಜಾನ್ ಮಾತ್ರ ಕೆಟ್ಟು, ವಿಮಾನ ಬಲಕ್ಕೆ ವಾಲಿದೆ ಅಂತ ತೋರಿಸುತ್ತಲೇ ಇತ್ತು. ಅದನ್ನು ಸರಿಮಾಡಲು ಎಡಕ್ಕೆ ವಾಲಿಸುತ್ತಾ ಹೋಗಿ ವಿಮಾನ ಸಮುದ್ರಕ್ಕೆ ಬಿತ್ತು, 213 ಜನ ಹೋದರು. ಸ್ಟ್ಯಾಂಡ್‌ಬೈ ಹಾರಿಜಾನ್ ಅಲ್ಲೇ ಇತ್ತು. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ, ಆದರೂ ಪ್ರತಿ ಬ್ಯಾಚ್‌ಗೂ ಹೇಳುತ್ತೇನೆ.

ಸಿಮ್ಯುಲೇಟರ್‌ನಲ್ಲಿ ಮುಂಚೆ ಹೇಳಿ ಕರೆಂಟ್ ತೆಗೆಯಬೇಡಿ. ತಿರುವಿನ ಮಧ್ಯೆ, ರೇಡಿಯೊದಲ್ಲಿ ಮಾತಾಡುತ್ತಿರುವಾಗ ತೆಗೆಯಿರಿ. ಮೊದಲು ರೆಕ್ಕೆ ಸಮ ಮಾಡಲಿ, ಮೂಗಿನ ಎತ್ತರ, ಎಂಜಿನ್ ಪವರ್ ಹಿಡಿದಿಡಲಿ. ಚೆಕ್‌ಲಿಸ್ಟ್ ಆಮೇಲೆ. ಕಣ್ಣು ಹಾರಿಜಾನ್‌ನಿಂದ ಸ್ಪೀಡ್‌ಗೆ, ವಾಪಸ್ ಹಾರಿಜಾನ್‌ಗೆ, ಅಲ್ಲಿಂದ ಎತ್ತರಕ್ಕೆ, ಮತ್ತೆ ಹಾರಿಜಾನ್‌ಗೆ ಓಡಾಡಬೇಕು. ಬಲಗಡೆ ಸೀಟಿನವರ ಕೈ ಮೇಲೆ ಗಮನವಿಡಿ. ಸ್ಟ್ಯಾಂಡ್‌ಬೈ ಅವರಿಗೆ ಓರೆಯಲ್ಲಿರುತ್ತದೆ, ತಲೆ ಹೊರಳಿದ ಕಡೆಗೇ ಕೈಯೂ ಗೊತ್ತಿಲ್ಲದೆ ವಾಲುತ್ತದೆ.

ತಿರುಗುವುದಕ್ಕೆ ಗಡಿಯಾರ ಸಾಕು. 200 ನಾಟ್ (ಗಂಟೆಗೆ ಸುಮಾರು 370 ಕಿ.ಮೀ.) ವೇಗದಲ್ಲಿ 15 ಡಿಗ್ರಿ ವಾಲಿಸಿದರೆ ನಿಮಿಷಕ್ಕೆ ಸುಮಾರು 90 ಡಿಗ್ರಿ ತಿರುಗುತ್ತದೆ. ದಿಕ್ಸೂಚಿಗೆ ಕರೆಂಟ್ ಬೇಡ, ಆದರೆ ತಿರುವಿನಲ್ಲಿ ಅದು ತಪ್ಪು ತೋರಿಸುತ್ತದೆ. ಸಮವಾದ ಮೇಲೆ ಓದಿಸಿ.

ಐದು ನಿಮಿಷಕ್ಕೆ ಸುಮ್ನೆ ಕರೆಂಟ್ ವಾಪಸ್ ಕೊಡಬೇಡಿ, ಲ್ಯಾಂಡಿಂಗ್ ತನಕ ಹಾಗೇ ಬರಲಿ. 2008ರ ಜನವರಿ 7ರಂದು ಬ್ಯಾಂಕಾಕ್ ಹತ್ತಿರ ಕ್ವಾಂಟಸ್ 747ರಲ್ಲಿ ಗ್ಯಾಲಿ (ವಿಮಾನದ ಅಡುಗೆಮನೆ) ಕಡೆಯಿಂದ ಸೋರಿದ ನೀರು ಜನರೇಟರ್ ಕಂಟ್ರೋಲ್ ಪೆಟ್ಟಿಗೆಗಳಿಗೆ ಇಳಿದು ಮುಖ್ಯ ಕರೆಂಟ್ ಬಹುಪಾಲು ಹೋಯಿತು, ಪೈಲಟ್‌ಗಳು ಹೆಚ್ಚಾಗಿ ಬ್ಯಾಟರಿ ನೆಚ್ಚಿಕೊಂಡು ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿದರು.

ಪಾಠ ಮುಗಿದ ಮೇಲೆ ಒಂದು ಖಾಲಿ ಹಾಳೆ ಕೊಟ್ಟು, ರನ್‌ವೇ ಕಾಣುವ ಮುಂಚೆ ಸ್ಟ್ಯಾಂಡ್‌ಬೈನಲ್ಲಿ ಇದ್ದದ್ದನ್ನು ಬರೆಸಿ: ಸ್ಪೀಡ್, ಎತ್ತರ, ವಾಲು ಎಷ್ಟು ಅಂತ. ಸಿಮ್ಯುಲೇಟರ್ ರೆಕಾರ್ಡ್ ಜೊತೆ ಹೋಲಿಸಿ. ಜಾಸ್ತಿ ವ್ಯತ್ಯಾಸವಿದ್ದರೆ ಒಂದು ಲೋಟ ಚಹಾ ಕುಡಿಸಿ, ಮತ್ತೆ ಸೀಟಿಗೆ ಕರೆದೊಯ್ಯಿರಿ.